ಬಿಟ್‌ಕಾಯಿನ್ನಿನ ಮೌಲ್ಯನಿರ್ಣಯ: ಒಂದು ವಿವೇಚನೆ

ಕುಮಾರ ಪಾರ್ಕಿನ ನಿವಾಸಿಗಳಾದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು, ಶಾಲೆಯ ದತ್ತಿನಿಧಿಯ ಒಂದಂಶವನ್ನು ಬಿಟ್‌ಕಾಯಿನ್ನಿನಲ್ಲಿ ತೊಡಗಿಸಬಾರದೇಕೆಂದು ಪ್ರಶ್ನಿಸಿದರು. 2013ರಲ್ಲಿ ಯುನೋಕಾಯಿನ್ ಸಂಸ್ಥೆ ಸ್ಥಾಪಿತವಾದಂದಿನಿಂದ ಈ ವ್ಯವಹಾರ ನಮ್ಮ ಬೆಂಗಳೂರಿಗೂ ಅಪರಿಚಿತವಲ್ಲ. ಆದಕಾರಣ ಪ್ರಶ್ನೆ ವಿಚಾರಾರ್ಹವಾದುದು.

ಪೇಟೆಯೇ ಇಲ್ಲದ ವಸ್ತುವಿಗೆ ಬೆಲೆ ಕಟ್ಟುವುದೆಂತು? 2009ರಲ್ಲಿ, ನಾಣ್ಯವನ್ನು ಪಡೆಯಲು ಗಣಕಯಂತ್ರಕ್ಕೆ ತಗಲುವ ವಿದ್ಯುತ್ತಿನ ವೆಚ್ಚವನ್ನಾಧರಿಸಿ, ಡಾಲರೊಂದಕ್ಕೆ ಸುಮಾರು 1,309 ನಾಣ್ಯಗಳೆಂದು ಎಣಿಸಲಾಯಿತು. ಇದು ಉತ್ಪಾದನೆಯ ಮಾನ. 2010ರ ಮೇ 22ರಂದು 10,000 ನಾಣ್ಯಗಳಿಗೆ ಎರಡು ಪಿಜ್ಜಾಗಳು ದೊರೆತವು. ಇದು ವಿನಿಮಯದ ಮಾನ.

ಇನ್ನು ವೃದ್ಧಿಯ ಗಣನೆ. 2011ರ ಫೆಬ್ರವರಿಯಲ್ಲಿ ಒಂದು ಡಾಲರಿದ್ದ ಬೆಲೆ 2013ರ ನವೆಂಬರಿನಲ್ಲಿ ಸಾವಿರ ಮುಟ್ಟಿತು. ಸಾವಿರ ಪಟ್ಟೆಂದರೆ ಸುಮಾರು ಹತ್ತು ಇಮ್ಮಡಿಗಳು. ಒಂದೊಂದಕ್ಕೆ ಮೂರು ತಿಂಗಳಿಗಿಂತ ತುಸು ಹೆಚ್ಚು ಕಾಲ. ಅದೇ ಗತಿ ಮುಂದುವರಿದಿದ್ದರೆ 2017ರ ಡಿಸೆಂಬರಿಗೆ ಬೆಲೆ ಸುಮಾರು ಮೂರು ಕೋಟಿ ಡಾಲರಾಗಬೇಕಿತ್ತು. ಆದದ್ದು ಇಪ್ಪತ್ತು ಸಾವಿರದ ಸಮೀಪ. ಅಂದರೆ ಇಮ್ಮಡಿಯ ಅವಧಿ ಹನ್ನೊಂದು ತಿಂಗಳಿಗೆ ಹಿಗ್ಗಿತ್ತು. ಅಲ್ಲಿಂದ 2021ರ ನವೆಂಬರಿನ 69,000ದವರೆಗೆ ಎಣಿಸಿದರೆ ಅದು ಎರಡು ವರ್ಷವನ್ನೂ ಮೀರುತ್ತದೆ. ಆದ್ದರಿಂದ ಆರಂಭದ ವೇಗವನ್ನೇ ಮುಂದಕ್ಕೆ ಹಿಡಿಯುವ ಲೆಕ್ಕ ದೋಷಯುಕ್ತವಾದುದು.

ಮೇಲಾಗಿ, 2013ರಿಂದೀಚಿನ ಈ ಅಂಕಿಗಳೆಲ್ಲ ಶಿಖರಗಳವು. 2022ರ ಕೊನೆಗೆ ಬೆಲೆ ಹಿಂದಿನ ವರ್ಷದ ಶಿಖರದ ಕಾಲುಭಾಗಕ್ಕಿಂತಲೂ ಕೆಳಗಿಳಿದಿತ್ತು. ಸ್ವಂತ ಹಣದ ಸಾಹಸ ಅವರವರ ಇಚ್ಛೆ. ಆದರೆ ಪ್ರತಿ ಜೂನ್ ತಿಂಗಳಿನಲ್ಲಿ ಬಡ ವಿದ್ಯಾರ್ಥಿಯ ಶುಲ್ಕಕ್ಕೆ ಒದಗಬೇಕಾದ ದತ್ತಿಯ ಹಣ ಮುಂದಿನ ಶಿಖರವನ್ನು ಕಾಯುತ್ತ ಕುಳಿತಿರಲಾರದು.