ಎಳೆಯರ ಅಳಲಿಗೆ ಕಿವಿಗೊಡೋಣ
2009ರ ಅಕ್ಟೋಬರ್‌ನಲ್ಲೂ 2019ರ ಆಗಸ್ಟ್‌ನಲ್ಲೂ ಮಲಪ್ರಭೆ ಉಕ್ಕಿ ಬಾದಾಮಿ, ಹುನಗುಂದ ತಾಲೂಕುಗಳ ಹಳ್ಳಿಗಳಿಗೆ ನುಗ್ಗಿತು. 2020ರ ಲಾಕ್‌ಡೌನ್‌ನಲ್ಲಿ ಇಳಕಲ್ಲಿನ ಮಗ್ಗಗಳು ನಿಂತವು. ಬಿದ್ದ ಮನೆಗಳನ್ನು ಎಣಿಸಿದರು; ಮಕ್ಕಳ ಮನಸ್ಸಿನ ಗಾಯವನ್ನು ಎಣಿಸಿದವರಾರು?

ಸಾಕಿದ ಹಕ್ಕಿ ಸತ್ತು ದುಃಖಿತನಾಗಿದ್ದ ಪುಟ್ಟ ಅಬೂ ಉಮೈರ್‌ನನ್ನು ಪ್ರವಾದಿವರ್ಯರು(ಸ) ಹೆಸರು ಹಿಡಿದು ಮಾತನಾಡಿಸಿ, ಹಕ್ಕಿಯ ಸುದ್ದಿ ವಿಚಾರಿಸಿದರು. ಮಗನ ಅಗಲಿಕೆಯಿಂದ ಕಣ್ಣು ಬೆಳ್ಳಗಾಗುವಷ್ಟು ಮರುಗಿದ ಯಾಕೂಬರು(ಅ) ಸ್ವತಃ ಪ್ರವಾದಿಯಾಗಿದ್ದರು. ಆದುದರಿಂದ ದುಃಖವು ಈಮಾನಿನ ಕೊರತೆಯಲ್ಲ.

ಸಂಕಟದ ಕಾಲದಲ್ಲಿ ಬಾಗಲಕೋಟೆಯಲ್ಲಾಗಲಿ ಇಳಕಲ್ಲಿನಲ್ಲಾಗಲಿ ಯುವಜನರಿಗೆ ಕಾರ್ಯಾಗಾರ ನಡೆಸುವ ಹಿರಿಯರು ಉಪದೇಶಕ್ಕೆ ಮುನ್ನ ಅವರ ಮಾತು ಕೇಳಲಿ. ಊಟ, ನಿದ್ದೆ ಬಿಟ್ಟವರನ್ನು ವೈದ್ಯರಲ್ಲಿಗೆ ಕರೆದೊಯ್ಯಲಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೂ ಕರೆ ಮಾಡಬಹುದು. ದುಆ ಮಾಡುವ ಕೈಗಳೇ ಚಿಕಿತ್ಸೆಯನ್ನೂ ಕೊಡಿಸಲಿ.