ರಕ್ತ ತೆಳುವಾಗಿಸುವ ಮಾತ್ರೆ: ಯಾವುದು, ಯಾರಿಗೆ, ಎಷ್ಟು?

ಓಪಿಡಿ ಚೀಟಿಯಲ್ಲಿ ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ, ಅದು ಯಾವ ಕಾಯಿಲೆಗೆ ಎಂದು ಮೊದಲು ಕೇಳಿ. ಎದೆಬಡಿತದ ಲಯ ತಪ್ಪುವ ಏಟ್ರಿಯಲ್ ಫಿಬ್ರಿಲೇಷನ್‌ಗೋ, ಕಾಲಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪಿಗೋ, ಲೋಹದ ಕವಾಟಕ್ಕೋ, ರುಮ್ಯಾಟಿಕ್ ಜ್ವರದಿಂದ ಕಿರಿದಾದ ಮೈಟ್ರಲ್ ಕವಾಟಕ್ಕೋ? ಉತ್ತರವನ್ನು ಚೀಟಿಯ ಮೇಲೇ ಬರೆಸಿಕೊಳ್ಳಿ. ಮುಂದಿನ ಸಲ ಬೇರೆ ವೈದ್ಯರು ನೋಡಿದರೂ ಮಾತ್ರೆಯ ಆಯ್ಕೆ ಆ ಒಂದು ಸಾಲನ್ನೇ ಅವಲಂಬಿಸಿರುತ್ತದೆ.

ಎರಡನೆಯದಾಗಿ, ಮಾತ್ರೆ ಯಾವ ಗುಂಪಿನದೆಂದು ತಿಳಿಯಿರಿ. ವಾರ್ಫರಿನ್, ಅಸಿಟ್ರೋಮ್ ಹಳೆಯವು. ಇವಕ್ಕೆ ರಕ್ತ ಹೆಪ್ಪುಗಟ್ಟುವ ವೇಗ ಅಳೆಯುವ ಐಎನ್‌ಆರ್ ರಕ್ತಪರೀಕ್ಷೆ ತಪ್ಪಿಸುವಂತಿಲ್ಲ. ಸಾಮಾನ್ಯವಾಗಿ ಅದು 2ರಿಂದ 3ರೊಳಗಿರಬೇಕು, ಲೋಹದ ಮೈಟ್ರಲ್ ಕವಾಟದವರಿಗೆ ತುಸು ಹೆಚ್ಚು. ಐಎನ್‌ಆರ್ ಏರಿಳಿಯದಿರಲೆಂದು ಸೊಪ್ಪು ಬಿಡಬೇಕಿಲ್ಲ, ದಿನದಿನದ ಪ್ರಮಾಣ ಏರುಪೇರಾಗದಿದ್ದರೆ ಸಾಕು. ಡಾಬಿಗಾಟ್ರಾನ್, ರಿವರೋಕ್ಸಾಬಾನ್, ಅಪಿಕ್ಸಾಬಾನ್ ಹೊಸವು, ಐಎನ್‌ಆರ್ ಗೊಡವೆಯಿಲ್ಲ. ಹಾಗಾದರೆ ಎಲ್ಲರಿಗೂ ಹೊಸದನ್ನೇ ಏಕೆ ಬರೆಯಬಾರದು? ಲೋಹದ ಕವಾಟ, ಕಿರಿದಾದ ಮೈಟ್ರಲ್ ಕವಾಟದಂಥ ತೊಂದರೆಯಿಲ್ಲದ ಫಿಬ್ರಿಲೇಷನ್‌ಗೆ ಹೊಸವೇ ಮೇಲು, ಮಿದುಳಿನ ರಕ್ತಸ್ರಾವ ಕಡಿಮೆ. ಆದರೆ 2022ರಲ್ಲಿ ಪ್ರಕಟವಾದ ಇನ್ವಿಕ್ಟಸ್ ಅಧ್ಯಯನ 24 ದೇಶಗಳಲ್ಲಿ, ರುಮ್ಯಾಟಿಕ್ ಹೃದ್ರೋಗದ ಜೊತೆ ಫಿಬ್ರಿಲೇಷನ್ ಇದ್ದ ಸುಮಾರು 4,500 ಜನರನ್ನು ಗಮನಿಸಿತು. ರಿವರೋಕ್ಸಾಬಾನ್‌ಗಿಂತ ಹಳೆಯ ಗುಂಪಿನ ಮಾತ್ರೆ ನುಂಗಿದವರಲ್ಲೇ ಸಾವು ಕಡಿಮೆಯಿತ್ತು. ಲೋಹದ ಕವಾಟದವರ ಮೇಲಿನ ಡಾಬಿಗಾಟ್ರಾನ್ ಪ್ರಯೋಗವನ್ನಂತೂ ಹೆಪ್ಪು, ರಕ್ತಸ್ರಾವ ಎರಡೂ ಹೆಚ್ಚಿದ್ದರಿಂದ ಅರ್ಧಕ್ಕೇ ನಿಲ್ಲಿಸಿದರು. ರುಮ್ಯಾಟಿಕ್ ಕಾಯಿಲೆ ಇನ್ನೂ ಅಳಿಯದ ನಮ್ಮಲ್ಲಿ, ಪರೀಕ್ಷೆ ಬೇಡವೆಂಬ ಒಂದೇ ಕಾರಣಕ್ಕೆ ಮಾತ್ರೆ ಬದಲಿಸಿಕೊಡಿ ಎಂದು ಒತ್ತಾಯಿಸುವುದು ಅಪಾಯ.

ಮೂರನೆಯದು ಪ್ರಮಾಣ. ಅನುಕೂಲದಂತೆ ಭಯವೂ ಚೀಟಿಯನ್ನು ದಾರಿ ತಪ್ಪಿಸುತ್ತದೆ. ವಯಸ್ಸಾದವರಿಗೆ ರಕ್ತ ಸುರಿದೀತೆಂದು ಆಸ್ಪಿರಿನ್ ಸಾಕೆನ್ನುವವರಿದ್ದಾರೆ. ವಾರ್ಫರಿನ್ ಹೊಂದದ ಫಿಬ್ರಿಲೇಷನ್ ರೋಗಿಗಳ ಮೇಲೆ ನಡೆದ ಅವೆರೋಸ್ ಅಧ್ಯಯನದಲ್ಲಿ (2011) ಲಕ್ವ ಮತ್ತಿತರ ಹೆಪ್ಪಿನ ಆಘಾತ ಆಸ್ಪಿರಿನ್ ನುಂಗಿದವರಲ್ಲಿ ವರ್ಷಕ್ಕೆ ಶೇ 3.7, ಅಪಿಕ್ಸಾಬಾನ್ ನುಂಗಿದವರಲ್ಲಿ ಶೇ 1.6, ದೊಡ್ಡ ರಕ್ತಸ್ರಾವದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಆಸ್ಪಿರಿನ್ ಸುರಕ್ಷಿತವೆಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಅದೇ ಭಯದಿಂದ ಪ್ರಮಾಣ ತಗ್ಗಿಸುವುದೂ ಉಂಟು. ಫಿಬ್ರಿಲೇಷನ್‌ಗೆ ಅಪಿಕ್ಸಾಬಾನ್ 5 ಮಿ.ಗ್ರಾಂ ಬದಲು 2.5 ಬರೆದಿದ್ದರೆ ಏಕೆಂದು ಕೇಳಿ. ವಯಸ್ಸು 80 ಅಥವಾ ಹೆಚ್ಚು, ತೂಕ 60 ಕಿಲೋ ಅಥವಾ ಕಡಿಮೆ, ಮೂತ್ರಪಿಂಡದ ಸ್ಥಿತಿ ತೋರುವ ಕ್ರಿಯಾಟಿನಿನ್ 1.5 ಅಥವಾ ಹೆಚ್ಚು: ಸಾಮಾನ್ಯವಾಗಿ ಮೂರರಲ್ಲಿ ಎರಡಾದರೂ ಇದ್ದರೆ ಮಾತ್ರ ಕಡಿತ. ತೂಕ ಕಡಿಮೆಯೆಂಬುದೊಂದೇ ಸಾಲದು.

ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ಇವುಗಳ ಜೊತೆ ಸೇರಿದರೆ ರಕ್ತಸ್ರಾವದ ಅಪಾಯ ಏರುತ್ತದೆ. ಹಲ್ಲು ಕೀಳಿಸುವ ಮುನ್ನ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಚೀಟಿ ಬರೆದ ವೈದ್ಯರನ್ನೂ ದಂತವೈದ್ಯರನ್ನೂ ಕೇಳಿ.