ಎಡತೋಳಿನ ನೋವು, ಎದೆಯೊಳಗಿನ ಅಂಜಿಕೆ

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಗಣಿತದ ಅಧ್ಯಾಪಕ; ವಯಸ್ಸು 41. ಐದು ತಿಂಗಳಿಂದ ಎಡ ಹೆಗಲಿನಿಂದ ಮೊಣಕೈವರೆಗೆ ಸೆಳೆತ, ಕೆಲವು ದಿನ ಬೆರಳುಗಳಲ್ಲಿ ಜೋಮು. ಬೋರ್ಡಿನ ಮೇಲೆ ಬರೆದ ದಿನ ಹೆಚ್ಚು (ನಾನು ಎಡಚ). ಇ.ಸಿ.ಜಿ., ಎಕೋ, ಟ್ರೆಡ್‌ಮಿಲ್, ರಕ್ತಪರೀಕ್ಷೆ ಎಲ್ಲವೂ ಸರಿಯಾಗಿವೆ. ಕತ್ತಿನ ಎಕ್ಸರೇಯಲ್ಲಿ ಮಾತ್ರ ಸ್ವಲ್ಪ ಸವೆತವಿದೆಯಂತೆ. ಸಕ್ಕರೆ ಕಾಯಿಲೆ, ಬಿ.ಪಿ. ಇಲ್ಲ, ಬೀಡಿ ಸಿಗರೇಟು ಮುಟ್ಟಿದವನಲ್ಲ. ಆದರೂ ನಮ್ಮ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ಕೇಳಿದಂದಿನಿಂದ ನಿದ್ರೆಯಿಲ್ಲ. ರಾತ್ರಿ ಎದ್ದು ನಾಡಿ ಹಿಡಿದು ನೋಡುತ್ತೇನೆ, ಮೊಬೈಲಿನಲ್ಲಿ ರೋಗಲಕ್ಷಣಗಳನ್ನು ಓದುತ್ತೇನೆ. ಒಬ್ಬ ವೈದ್ಯರು ‘ಎಲ್ಲಾ ನಿಮ್ಮ ಮನಸ್ಸಿನಲ್ಲಿದೆ’ ಎಂದುಬಿಟ್ಟರು. ನೋವಂತೂ ಇದ್ದೇ ಇದೆ. ನಾನೇನು ಮಾಡಲಿ?

ಉತ್ತರ: ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸುವುದು ನನ್ನ ಕರ್ತವ್ಯ: ನಿಮ್ಮ ನೋವು ನಿಜವಾದ ನೋವು. ಪರೀಕ್ಷೆಯಲ್ಲಿ ಕಾರಣ ದೊರೆಯದ ಮಾತ್ರಕ್ಕೆ ವೇದನೆಯೇ ಕಲ್ಪಿತವೆಂದು ರೋಗಿಗೆ ಹೇಳುವುದು ಶಾಸ್ತ್ರಕ್ಕೂ ಸಮ್ಮತವಲ್ಲ, ದಯೆಗೂ ಸಮ್ಮತವಲ್ಲ. ಏಕೆಂದರೆ ಪ್ರತಿಯೊಂದು ಪರೀಕ್ಷೆಯೂ ತನಗೆ ಒಪ್ಪಿಸಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡಬಲ್ಲುದು, ಮತ್ತು ಹೃದಯದ ವಿದ್ಯುದ್ವ್ಯಾಪಾರವನ್ನು ದಾಖಲಿಸುವ ಇ.ಸಿ.ಜಿ.ಗೆ ಹೆಗಲಿನ ಸ್ನಾಯು ಬಿಗಿದಿರುವುದಾಗಲಿ, ಕತ್ತಿನ ನರ ಕೆರಳಿರುವುದಾಗಲಿ ಗೋಚರಿಸುವುದೇ ಇಲ್ಲ.

ಎಡತೋಳು ನೊಂದೊಡನೆ ಮನಸ್ಸು ಹೃದಯದ ಕಡೆಗೆ ಓಡುವುದು ನಿರಾಧಾರವೂ ಅಲ್ಲ. ಹೃದಯದ ವೇದನೆಯನ್ನು ಹೊತ್ತು ತರುವ ತಂತುಗಳೂ ಎದೆಯ ಮೇಲ್ಭಾಗ ಮತ್ತು ತೋಳಿನ ಒಳಮಗ್ಗುಲಿನ ತಂತುಗಳೂ ಬೆನ್ನುಹುರಿಯನ್ನು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಸೇರುವುದರಿಂದ, ಹೃದಯದಲ್ಲಿ ಹುಟ್ಟಿದ ನೋವನ್ನು ಮಿದುಳು ತೋಳಿನದೆಂದು ಭ್ರಮಿಸುವುದುಂಟು. ಪಿತ್ತಕೋಶದ ಬಾಧೆ ಬಲ ಹೆಗಲಿನಲ್ಲಿ ಕಾಣಿಸಿಕೊಳ್ಳುವುದೂ ಇಂಥದೇ ಏರ್ಪಾಟಿನಿಂದ. ಆದರೆ ಹೃದಯದ ನೋವಿಗೆ ಅದರದೇ ಆದ ನಡತೆಯಿದೆ. ಏರು ಹತ್ತುವಾಗ, ಬಿರುಸಾಗಿ ನಡೆಯುವಾಗ ಎದೆಯ ನಡುವೆ ಭಾರ ಹೇರಿದಂತಾಗಿ, ತೋಳಿಗೋ ದವಡೆಗೋ ಬೆನ್ನಿಗೋ ಹರಡಿ, ನಿಂತರೆ ಕೆಲವು ನಿಮಿಷಗಳಲ್ಲಿ ಶಮನವಾಗುವುದು ಅದರ ಸಾಮಾನ್ಯ ಕ್ರಮ. ತೋಳೆತ್ತಿದರೆ ಹೆಚ್ಚುವ, ಕತ್ತು ತಿರುಗಿಸಿದರೆ ಚಳುಕು ಹೊಡೆಯುವ, ಬೆರಳೊತ್ತಿದ ಜಾಗದಲ್ಲಿಯೇ ಸಿಕ್ಕುವ, ತಿಂಗಳುಗಟ್ಟಲೆ ಹೋಗುತ್ತ ಬರುತ್ತ ಇರುವ ನೋವು ಬಹುಮಟ್ಟಿಗೆ ಸ್ನಾಯುವಿನದು, ಕೀಲಿನದು, ಇಲ್ಲವೆ ನರದ್ದು. ಹಾಗೆಂದು ಯಾರೂ ಮೈಮರೆಯಬಾರದು: ಎದೆಯೊತ್ತಡದೊಡನೆ ತಣ್ಣನೆಯ ಬೆವರು, ಉಸಿರುಕಟ್ಟು, ವಾಕರಿಕೆ ಹೊಸದಾಗಿ ತೋರಿದರೆ ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಸೋಡಾ ಕುಡಿದು ಕಾಯದೆ ತತ್‌ಕ್ಷಣವೇ 108ಕ್ಕೆ ಕರೆಮಾಡತಕ್ಕದ್ದು. ಸಕ್ಕರೆ ಕಾಯಿಲೆಯವರಲ್ಲಿಯೂ ಸ್ತ್ರೀಯರಲ್ಲಿಯೂ ಎದೆನೋವೇ ಇಲ್ಲದೆ ಬರಿಯ ಉಸಿರುಕಟ್ಟು, ಅತೀವ ಆಯಾಸಗಳಷ್ಟೇ ಕಾಣಿಸಿಕೊಳ್ಳಬಹುದು.

ನಿಮ್ಮ ಜಿಲ್ಲೆಯ ಸುದ್ದಿಯ ವಿಷಯ. 2025ರ ಮಳೆಗಾಲದ ಮೊದಲಲ್ಲಿ ಹಾಸನದ ಹೃದಯಾಘಾತದ ಸಾವುಗಳ ವಾರ್ತೆ ದಿನದಿನವೂ ಪ್ರಕಟವಾದಾಗ ಮೈಸೂರು, ಬೆಂಗಳೂರುಗಳ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಆರೋಗ್ಯವಂತರೂ ಬೆಳಗಿನ ಜಾವದಿಂದ ಸಾಲುಗಟ್ಟಿ ನಿಂತರು. ಆ ಸಾವುಗಳನ್ನು ಪರಿಶೀಲಿಸಲು ಸರ್ಕಾರ ನೇಮಿಸಿದ ತಜ್ಞರ ಸಮಿತಿಯಾದರೋ ಅಸಾಮಾನ್ಯವಾದ ಏರಿಕೆಯೇನೂ ಕಂಡುಬಂದಿಲ್ಲವೆಂದು ತಿಳಿಸಿತು. ನಿಮಗಾದ ದಿಗಿಲು ಆಗ ಸಹಸ್ರಾರು ಮಂದಿಗೂ ಆಗಿತ್ತು. ಅದರಲ್ಲಿ ನಾಚಿಕೆಪಡತಕ್ಕದ್ದೇನೂ ಇಲ್ಲ.

ಇನ್ನು ಹೆಗಲಿನ ವಿಚಾರ. ವರ್ಷಗಟ್ಟಲೆ ತೋಳನ್ನು ಭುಜಕ್ಕಿಂತ ಮೇಲೆತ್ತಿ ಬರೆಯುವ ಅಧ್ಯಾಪಕನ ಹೆಗಲಿನ ಸ್ನಾಯುರಜ್ಜುಗಳು ಉಜ್ಜಿ ನೋಯುವುದೂ, ತಲೆ ಬಗ್ಗಿಸಿ ಉತ್ತರಪತ್ರಿಕೆಗಳನ್ನು ತಿದ್ದುವವನ ಕತ್ತಿನ ನರಮೂಲಗಳು ಕೆರಳಿ ಬೆರಳುಗಳವರೆಗೆ ಜೋಮು ಹರಿಸುವುದೂ ನಾವು ಪದೇಪದೇ ಕಾಣುವ ಸಂಗತಿ. ಎಕ್ಸರೇಯ ‘ಸವೆತ’ವೆಂಬ ಒಕ್ಕಣೆ ನಿಮ್ಮನ್ನು ಹೆದರಿಸದಿರಲಿ, ನಲವತ್ತು ದಾಟಿದ, ಎಳ್ಳಷ್ಟೂ ನೋವಿಲ್ಲದ ಎಷ್ಟೋ ಜನರ ಕತ್ತಿನಲ್ಲಿಯೂ ಅದು ಕಾಣುತ್ತದೆ. ಕೈಯ ಹಿಡಿತ ಸಡಿಲವಾಗಿ ವಸ್ತುಗಳು ಜಾರತೊಡಗಿದರೆ, ತೋಳಿನ ಮಾಂಸ ಕರಗಿದರೆ, ನಡಿಗೆ ತಡವರಿಸಿದರೆ, ಜ್ವರವೋ ತೂಕದ ಇಳಿತವೋ ಜೊತೆಗೂಡಿದರೆ ಆಗ ತಡಮಾಡದೆ ಮತ್ತೆ ತೋರಿಸಿರಿ. ಅಲ್ಲಿಯವರೆಗೆ ಫಿಸಿಯೋಥೆರಪಿಯವರು ಕಲಿಸುವ ವ್ಯಾಯಾಮಗಳೇ ಮುಖ್ಯ ಚಿಕಿತ್ಸೆ; ಅವುಗಳ ಫಲ ಕಾಣಲು ಕೆಲವು ವಾರಗಳು ಬೇಕು. ನೋವಿನ ಮಾತ್ರೆಗಳನ್ನು ಅಂಗಡಿಯಿಂದ ತಂದು ತಿಂಗಳಾನುಗಟ್ಟಲೆ ನುಂಗಿದರೆ ಜಠರಕ್ಕೂ ಮೂತ್ರಪಿಂಡಕ್ಕೂ ಕೇಡು.

ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದು ಅಂಜಿಕೆಯ ಬಳಿ. ಭಯಗೊಂಡ ದೇಹವು ತಾನರಿಯದೆಯೇ ಹೆಗಲುಗಳನ್ನು ಕಿವಿಯತ್ತ ಎಳೆದುಕೊಂಡು, ಉಸಿರನ್ನು ಮೇಲುಮೇಲಕ್ಕೆ ಆಡಿಸಿ, ಕತ್ತಿನ ಸ್ನಾಯುಗಳನ್ನು ಹಗಲಿರುಳೂ ಬಿಗಿದಿಟ್ಟುಕೊಳ್ಳುತ್ತದೆ. ಬಿಗಿದ ಸ್ನಾಯು ನೋಯುತ್ತದೆ. ಆ ನೋವು ಮತ್ತೆ ಭಯಕ್ಕೆ ಸಾಕ್ಷ್ಯವಾಗುತ್ತದೆ. ಸದಾ ಗಮನವಿಟ್ಟ ಅಂಗದಿಂದ ಬರುವ ಅಲ್ಪ ಸಂವೇದನೆಯನ್ನೂ ನರಮಂಡಲವು ಹಿಗ್ಗಿಸಿ ತಿಳಿಸುವುದರಿಂದ, ದಿನಕ್ಕೆ ಹತ್ತಾರು ಬಾರಿ ಒತ್ತಿ ನೋಡಿದ ಹೆಗಲು ಒತ್ತಿದ್ದರಿಂದಲೇ ನೋಯತೊಡಗುವುದೂ ಉಂಟು. ನಾಡಿ ಹಿಡಿಯುವುದು, ಮೊಬೈಲು ನೋಡುವುದು, ಇನ್ನೊಂದು ಇ.ಸಿ.ಜಿ. ಮಾಡಿಸುವುದು ಇವೆಲ್ಲ ತುರಿಯನ್ನು ಕೆರೆದಂತೆ: ಆ ಕ್ಷಣಕ್ಕೆ ಹಿತ, ಅನಂತರ ಮೊದಲಿಗಿಂತ ಹೆಚ್ಚಿನ ಉರಿ.

ಆದುದರಿಂದ ನೀವು ನಂಬುವ ಒಬ್ಬರೇ ವೈದ್ಯರನ್ನು ಆರಿಸಿಕೊಂಡು, ನೋವು ಹೆಚ್ಚಲಿ ಕಡಮೆಯಾಗಲಿ ತಿಂಗಳಿಗೊಮ್ಮೆ ಗೊತ್ತಾದ ದಿನದಂದು ಅವರನ್ನು ಕಾಣಿರಿ. ಹೊಸ ಲಕ್ಷಣ ತೋರದ ಹೊರತು ಹೊಸ ಪರೀಕ್ಷೆ ಬೇಡವೆಂದು ಅವರೊಡನೆ ಒಪ್ಪಂದ ಮಾಡಿಕೊಳ್ಳಿರಿ. ನಾಡಿ ನೋಡುವ ಚಪಲ ಬಂದಾಗ ಗಡಿಯಾರ ನೋಡಿ ಕಾಲು ಗಂಟೆ ಮುಂದೂಡಿರಿ. ಎಷ್ಟೋ ವೇಳೆ ಆ ಅವಧಿಯಲ್ಲಿಯೇ ಭಯದ ಅಲೆ ಇಳಿಯುವುದನ್ನು ನೀವೇ ಕಾಣುವಿರಿ. ಮೊಬೈಲು ರಾತ್ರಿ ಬೇರೆ ಕೋಣೆಯಲ್ಲಿರಲಿ. ಪ್ರತಿದಿನ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಟ್ರೆಡ್‌ಮಿಲ್ ಪರೀಕ್ಷೆಯನ್ನು ನಿರ್ವಿಘ್ನವಾಗಿ ಮುಗಿಸಿದ ನಿಮಗೆ ಇದು ಅಪಾಯವಲ್ಲ. ಇಷ್ಟರಿಂದ ಶಂಕೆ ಹಿಂಗದಿದ್ದರೆ ಮನೋವೈದ್ಯರ ಬಳಿಗೆ ಹೋಗಲು ಹಿಂಜರಿಯಬೇಡಿರಿ. ಯೋಚನೆಯ ಧಾಟಿಯನ್ನೂ ನಡವಳಿಕೆಯನ್ನೂ ಕ್ರಮಕ್ರಮವಾಗಿ ತಿದ್ದುವ ಮಾತಿನ ಚಿಕಿತ್ಸೆಯು ಈ ಬಾಧೆಗೆ ಪರಿಣಾಮಕಾರಿಯೆಂದು ಸಿದ್ಧಪಟ್ಟಿದೆ. ಅಗತ್ಯವಾದರೆ ಔಷಧಿಗಳೂ ಇವೆ. 2022ರ ಅಕ್ಟೋಬರಿನಲ್ಲಿ ಪ್ರಾರಂಭವಾದ ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಗೆ ಹಗಲಿರುಳು ಯಾವ ಹೊತ್ತಿನಲ್ಲಿಯೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತಾಡಬಹುದು.

ಈ ಪ್ರಶ್ನೆ ಬಂದ ಲಕೋಟೆಯೊಳಗೆ ಅಧ್ಯಾಪಕರ ಪತ್ನಿಯವರ ಚೀಟಿಯೂ ಒಂದಿದೆ: ‘ನಮ್ಮ ಯಜಮಾನರು ದಿನಾ ನಾಲ್ಕೈದು ಸಲ, ಇದು ಹಾರ್ಟಿನದಲ್ಲ ತಾನೆ ಎಂದು ಕೇಳುತ್ತಾರೆ. ಅಲ್ಲ ಎಂದರೆ ಅರ್ಧ ಗಂಟೆ ಸುಮ್ಮನಿರುತ್ತಾರೆ. ಬೈದರೆ ಊಟ ಬಿಡುತ್ತಾರೆ. ನಾನು ಏನು ಹೇಳಬೇಕು?’

ತಾಯೀ, ಬೈಯುವುದೂ ಬೇಡ, ಪ್ರತಿಸಲವೂ ‘ಅಲ್ಲ’ ಎಂದು ಪ್ರಮಾಣ ಮಾಡುವುದೂ ಬೇಡ. ಅವರು ನೆಮ್ಮದಿಯಿಂದಿರುವ ಒಂದು ಸಂಜೆ ಇಬ್ಬರೂ ಕುಳಿತು ಈ ಉತ್ತರವನ್ನು ಓದಿ, ಇನ್ನು ಮೇಲೆ ಆ ಪ್ರಶ್ನೆಗೆ ನೀವು ಉತ್ತರಿಸುವುದಿಲ್ಲವೆಂದು ಮೊದಲೇ ಮಾತಾಡಿಕೊಳ್ಳಿರಿ. ಅನಂತರ ಅವರು ಕೇಳಿದಾಗ ‘ನಿಮಗೆ ದಿಗಿಲಾಗಿದೆ ಅಂತ ಗೊತ್ತಾಗ್ತಿದೆ, ಅದಕ್ಕೆ ಡಾಕ್ಟರು ಆಗಲೇ ಉತ್ತರ ಹೇಳಿದ್ದಾರೆ, ಬನ್ನಿ, ಸ್ವಲ್ಪ ನಡೆದು ಬರೋಣ’ ಎಂದಷ್ಟೇ ಹೇಳಿ ಜೊತೆಗೆ ಹೊರಡಿರಿ. ಮೊದಲ ವಾರ ಅವರ ಅಸಮಾಧಾನ ಹೆಚ್ಚಬಹುದು. ಅದನ್ನು ಕಂಡು ನೀವು ಸೋತು ಪುನಃ ಪ್ರಮಾಣ ಮಾಡಲು ತೊಡಗಬೇಡಿರಿ. ಮುಂದಿನ ಬಾರಿ ಅವರು ವೈದ್ಯರ ಬಳಿಗೆ ಹೋಗುವಾಗ ನೀವೂ ಸಂಗಡ ಹೋಗಿರಿ.